ಮೇಲಿನ ಮನೆಗೆ ಬಾರದ ಬಂದೂಕು

ಮೇಲಿನ ಮನೆ ಆಂಟಿಯ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಐವತ್ತು ದಾಟಿದ, ಎತ್ತರದ, ಮೈಕೈ ತುಂಬಿಕೊಂಡ ಹೆಂಗಸು ತಮ್ಮದೇ ಮನೆಯಲ್ಲಿ ತುದಿಬೆರಳ ಮೇಲೆ ನಡೆಯುತ್ತಿದ್ದರು. ಅಮೆರಿಕದ ಪ್ಲೇನ್ಸ್‌ಬರೋದಲ್ಲಿ ನಮ್ಮ ಅಪಾರ್ಟ್‌ಮೆಂಟುಗಳೆಲ್ಲ ಮರದ ಕಟ್ಟಡಗಳು. ಮೇಲಿನವರು ಚಮಚ ಬೀಳಿಸಿದರೆ ಕೆಳಗಿನವರು ತಲೆ ಎತ್ತಿ ನೋಡಬೇಕು. ನಾನು ಹಸುಗೂಸನ್ನು ಎತ್ತಿಕೊಂಡು ಕೆಳಗಿನ ಮನೆಗೆ ಬಂದ ವಾರವೇ ಅವರು ಒಂದು ಡಬ್ಬಿ ಮೆಂತ್ಯದ ಹಿಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಪಾಪು ಎಷ್ಟೊತ್ತಿಗೆ ಮಲಗತ್ತಮ್ಮ? ಹೇಳ್ಬಿಡು, ಆಗ ನಾನು ಮಿಕ್ಸಿ ಹಾಕಲ್ಲ."

ಗಂಡ ತೀರಿಕೊಂಡಿದ್ದರು, ಮಗಳು ಟೆಕ್ಸಸ್‌ನಲ್ಲಿದ್ದಳು. ಆಂಟಿ ಒಂದು ಫಾರ್ಮಸಿಯಲ್ಲಿ ಫಾರ್ಮಸಿಸ್ಟ್. ಮಾತ್ರೆಗಳನ್ನು ಐದೈದಾಗಿ ಎಣಿಸಿ ಎಷ್ಟು ರೂಢಿಯಾಗಿತ್ತೆಂದರೆ, ಉಪ್ಪಿಟ್ಟಿನ ಗೋಡಂಬಿಯನ್ನೂ ಹಾಗೇ ಐದೈದಾಗಿ ಸರಿಸುತ್ತಿದ್ದರು. "ಕೊಡೋಕೆ ಒಂದು ನಿಮಿಷ ಸಾಕು ಕಣೇ, ಇಲ್ಲ ಅನ್ನೋಕೆ ಅರ್ಧ ಗಂಟೆ ಬೇಕು" ಎನ್ನುತ್ತಿದ್ದರು. ಯಾರಿಗೂ ಇಲ್ಲ ಎನ್ನಲು ಬಾರದ ನನಗೆ ಅದು ದೊಡ್ಡ ಪಾಠದಂತೆ ಕೇಳುತ್ತಿತ್ತು.

ನನ್ನ ಮಗಳಿಗೆ ನಾಲ್ಕು ತುಂಬಿದ ವರ್ಷ, ಅವರು ಇಲ್ಲ ಎಂದ ಒಬ್ಬ ಗಿರಾಕಿಯಿಂದಲೇ ಎಲ್ಲ ಶುರುವಾಯಿತು. ನೋವಿನ ಮಾತ್ರೆ ಕೇಳಿ ಬಂದಿದ್ದನಂತೆ. ಡಾಕ್ಟರ ಚೀಟಿ ಸರಿ ಕಾಣಲಿಲ್ಲ, ಆಂಟಿ ಕೊಡಲಿಲ್ಲ. ಮಾರನೆಯ ದಿನದಿಂದ ಫಾರ್ಮಸಿಯ ಪಾರ್ಕಿಂಗ್ ಲಾಟಿನಲ್ಲಿ ಒಂದು ಬೂದು ಬಣ್ಣದ ಕಾರು ನಿಲ್ಲತೊಡಗಿತು. ಒಂದು ಸಂಜೆ ಅದು ಅವರ ಕಾರಿನ ಹಿಂದೆಯೇ ನಮ್ಮ ಕಾಂಪ್ಲೆಕ್ಸಿನವರೆಗೂ ಬಂತು. ನಾನು ಕಿಟಕಿಯಿಂದ ನೋಡಿದೆ. ಅವನು ಇಳಿಯಲಿಲ್ಲ. ಗಾಜು ಇಳಿಸಿ, ಯಾವ ಮೆಟ್ಟಿಲು, ಯಾವ ಬಾಗಿಲು ಎಂದು ನಿಧಾನವಾಗಿ ನೋಡಿಕೊಂಡು ಹೋದ. ಪೊಲೀಸರು ಬಂದರು, ಬರೆದುಕೊಂಡರು. "ಅವನು ಇನ್ನೂ ಏನೂ ಮಾಡಿಲ್ಲವಲ್ಲ, ಮ್ಯಾಮ್" ಎಂದರು.

ಆಮೇಲೆ ಫಾರ್ಮಸಿಯ ಸಹೋದ್ಯೋಗಿಯೊಬ್ಬಳು ಹೇಳಿದಳಂತೆ, ಬಂದೂಕು ಜೊತೆಯಲ್ಲಿಟ್ಟುಕೊಳ್ಳುವ ಲೈಸೆನ್ಸ್ ತಗೋ ಎಂದು. ಅದಕ್ಕೆ ನೆಂಟರಲ್ಲದ ನಾಲ್ಕು ಜನ, ಇವರು ಒಳ್ಳೆಯವರು, ಇವರ ಕೈಗೆ ಕೊಡಬಹುದು ಎಂದು ಪೊಲೀಸರ ಮುಂದೆ ಒಪ್ಪಬೇಕು. ಇಬ್ಬರು ಫಾರ್ಮಸಿಯಲ್ಲೇ ಸಿಕ್ಕರು. ಉಳಿದಿಬ್ಬರಿಗಾಗಿ ನಮ್ಮ ಕನ್ನಡದವರ ಮನೆಗಳಲ್ಲಿ ಕೇಳಿ ಬಂದ ದಿನ ಆಂಟಿ ನಮ್ಮ ಸೋಫಾದಲ್ಲಿ ಕೂತು ನಕ್ಕರು.

"ಹಬ್ಬಕ್ಕೆ ನನ್ನ ಹೋಳಿಗೆ ಬೇಕು, ಹೆಸರು ಮಾತ್ರ ಬೇಡವಂತೆ. ಒಬ್ಬರದ್ದು ಗ್ರೀನ್ ಕಾರ್ಡ್ ನಡೀತಿದೆ, ಪೊಲೀಸ್ ಫೈಲಲ್ಲಿ ಹೆಸರು ಬರಬಾರದು. ಇನ್ನೊಬ್ಬಳು, ಗನ್ನಾ ಆಂಟಿ, ಅಂತ ಬಾಯಿ ಮೇಲೆ ಕೈ ಇಟ್ಕೊಂಡ್ಳು. ನೀನೂ ಬೇಡ ಅನ್ನು, ಬೇಜಾರಿಲ್ಲ."

"ನಾನು ಕೊಡ್ತೀನಿ ಆಂಟಿ" ಎಂದುಬಿಟ್ಟೆ.

ಅವರು ಮೇಲೆ ಹೋದ ಮೇಲೆ ನನ್ನ ಗಂಡ ಲ್ಯಾಪ್‌ಟಾಪ್ ಮುಚ್ಚಿದರು.

"ನಮ್ಮ ವೀಸಾ ವಿಷಯ ಹಾಗಿರಲಿ. ಅವರ ಬೆಡ್‌ರೂಮಿನ ಕೆಳಗೆ ನಮ್ಮ ಮಗಳ ಮಂಚ ಇದೆ. ನೀನು ಯೋಚನೆ ಮಾಡಿದ್ಯಾ?"

"ಅವರು ಮಿಕ್ಸಿ ಹಾಕೋಕೂ ಕೇಳ್ತಾರೆ ಕಣ್ರೀ."

"ಬಂದೂಕು ಕೇಳಿ ಸಿಡಿಯತ್ತಾ?"

ನಾನು ಮಗಳ ಮಂಚವನ್ನು ಆ ಮೂಲೆಯಿಂದ ಈ ಮೂಲೆಗೆ ಎಳೆದೆ. ಸೀಲಿಂಗ್ ನೋಡಿದೆ. ಅದು ಎಲ್ಲ ಕಡೆಯೂ ಅಷ್ಟೇ ತೆಳುವಾಗಿ ಕಂಡಿತು.

ಲೈಸೆನ್ಸಿಗೆ ಬೇಕಾದ ತರಬೇತಿಯ ಶನಿವಾರ ಆಂಟಿ ನನ್ನನ್ನೂ ಕರೆದುಕೊಂಡು ಹೋದರು, ಅಷ್ಟು ಗಂಡಸರ ಮಧ್ಯೆ ಒಬ್ಬಳೇ ಯಾಕೆ ಎಂದು. ಕಲಿಸುವವಳು ಬೆಳ್ಳಿಕೂದಲಿನ ಅಮೆರಿಕನ್ ಹೆಂಗಸು. ಸೊಂಟದ ಚೀಲದಿಂದ ಖಾಲಿ ಬಂದೂಕನ್ನು ತೆಗೆಯುವ ಅಭ್ಯಾಸ ಮಾಡಿಸಿದಳು. ಆಂಟಿಯ ಕುರ್ತಾ ಪ್ರತಿ ಸಲವೂ ಅಡ್ಡ ಬಂತು.

"ಕುರ್ತಾ ಎತ್ತಿ, ದುಪಟ್ಟಾ ಸರಿಸಿ, ಅಷ್ಟೊತ್ತಿಗೆ ಅವನು ಊಟ ಮುಗಿಸಿ ಕೈ ತೊಳ್ಕೊಂಡಿರ್ತಾನೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಆದರೆ ಗುರಿಯ ಕಾಗದದ ಮುಂದೆ ನಿಂತಾಗ ಅವರ ಕೈ ಒಂದಿಷ್ಟೂ ಅಲುಗಲಿಲ್ಲ. ಬೆಳ್ಳಿಕೂದಲಿನವಳು ಕಾಗದವನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

ಕೊನೆಯಲ್ಲಿ ಅವಳೊಂದು ಪ್ರಶ್ನೆ ಕೇಳಿದಳು. "ಗುಂಡು ನಿಮ್ಮ ಗೋಡೆಯಲ್ಲೇ ನಿಲ್ಲುತ್ತೆ ಅಂದುಕೊಳ್ಳಬೇಡಿ. ಗೋಡೆಯ ಆಚೆ ಯಾರಿದ್ದಾರೆ? ನೆಲದ ಕೆಳಗೆ ಯಾರಿದ್ದಾರೆ? ಒಬ್ಬೊಬ್ಬರಾಗಿ ಹೇಳಿ." ಒಬ್ಬ ಹಿತ್ತಿಲು ಎಂದ, ಇನ್ನೊಬ್ಬ ಪಕ್ಕದ ಮನೆಯ ಗರಾಜು ಎಂದ. ಆಂಟಿಯ ಸರದಿ ಬಂತು.

"ಮೈ ಫ್ರೆಂಡ್ಸ್ ಡಾಟರ್" ಎಂದರು ಆಂಟಿ. "ಶಿ ಈಸ್ ಫೋರ್."

ವಾಪಸ್ ಬರುವಾಗ ಅವರು ಇಂಡಿಕೇಟರ್ ಹಾಕುವುದನ್ನೂ ಒಂದೆರಡು ಕಡೆ ಮರೆತರು. ನಮ್ಮ ಮೆಟ್ಟಿಲ ಮುಂದೆ ಕಾರು ನಿಲ್ಲಿಸಿದ ಮೇಲೆ, ಸ್ಟೀರಿಂಗ್ ಬಿಡದೆ ಹೇಳಿದರು.

"ಬೇಡ ಕಣೇ. ನಿನ್ನ ಹೆಸರು ವಾಪಸ್ ತಗೋ."

"ಆಂಟಿ, ಅವನು?"

"ಬಂದೂಕು ಅಂಗಡಿ ಒಳಗೆ ತರೋ ಹಾಗಿಲ್ಲ ಅಂತ ನಮ್ಮ ಮ್ಯಾನೇಜರ್ ಹೇಳಿಯಾಯ್ತು. ಇನ್ನು ಉಳಿದದ್ದು ಮನೆ. ಕಾಗದದ ಮುಂದೆ ನನ್ನ ಕೈ ನಡುಗಲಿಲ್ಲ. ಅವನ ಮುಂದೆ ನಡುಗತ್ತೆ. ನಡುಗೋ ಕೈಯಿಂದ ಹಾರಿದ ಗುಂಡು ಎಲ್ಲಿಗೆ ಹೋಗತ್ತೆ ಅಂತ ನಂಗೆ ಗೊತ್ತಿದೆ."

ನನಗೆ ಸಮಾಧಾನವಾಯಿತು. ಬೆನ್ನಲ್ಲೇ ಹೆದರಿಕೆಯೂ ಆಯಿತು. ಆ ಸಮಾಧಾನದ ಮುಖ ಹೊತ್ತು ಅವರನ್ನು ಹೇಗೆ ನೋಡುವುದೆಂದು ತಿಳಿಯದೆ, ಸೀಟ್‌ಬೆಲ್ಟಿನ ಗುಂಡಿಯನ್ನು ಹುಡುಕುತ್ತ ಕೂತೆ.

ಚಳಿ ಶುರುವಾಯಿತು. ಐದಕ್ಕೆಲ್ಲ ಕತ್ತಲು. ಅಂಥದ್ದೊಂದು ಸಂಜೆ ಆಂಟಿ ಡ್ಯೂಟಿಯಿಂದ ಬಂದ ಸ್ವಲ್ಪ ಹೊತ್ತಿಗೆ ಹೊರಮೆಟ್ಟಿಲ ಮೇಲೆ ಭಾರದ ಬೂಟುಗಳು ಹತ್ತಿದವು. ಆಮೇಲೆ ಆಂಟಿಯ ಬಾಗಿಲಿಗೆ ಒದೆತ. ನಮ್ಮ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಗಂಡ ಇನ್ನೂ ನ್ಯೂಯಾರ್ಕಿನ ಟ್ರೇನಿನಲ್ಲಿದ್ದರು. ಮಗಳನ್ನು ಬಾತ್‌ರೂಮಿಗೆ ಎಳೆದುಕೊಂಡು ಚಿಲಕ ಹಾಕಿ 911ಗೆ ಫೋನ್ ಮಾಡಿದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಹೋಗುವುದಿಲ್ಲ ನೋಡಿ, ಅಷ್ಟು ಗಾಬರಿಯಲ್ಲೂ ಪ್ರತಿ ಮಾತಿಗೆ ಪ್ಲೀಸ್ ಎನ್ನುತ್ತಿದ್ದೆ. ಮಗಳು ಅಳುವುದಕ್ಕೆ ತುಟಿ ಸೊಟ್ಟ ಮಾಡಿದಳು. ಫೋನು ಕಿವಿಗೆ ಒತ್ತಿಕೊಂಡೇ "ಸ್ಕೂಲಲ್ಲಿ ಕಲಿತಿದ್ದು ಹಾಡು, ಜೋರಾಗಿ" ಎಂದೆ. ಅವಳು ಹಾಡಿದಳು.

ಮೇಲಿಂದ ಮೇಜು ಎಳೆದ ಸದ್ದು. ಕಟ್ಟಿಗೆ ಸೀಳಿದ ಸದ್ದು. ಅದರ ನಡುವೆ ಆಂಟಿಯ ಕೌಂಟರಿನ ದನಿ, ಎತ್ತರಿಸದೆ, ತಗ್ಗಿಸದೆ: "ಸರ್, ದಿ ಆನ್ಸರ್ ಈಸ್ ಸ್ಟಿಲ್ ನೋ."

ಪೊಲೀಸರು ಬಂದಾಗ ಅವನು ಇನ್ನೂ ಒದೆಯುತ್ತಲೇ ಇದ್ದ. ಹಿಡಿದುಕೊಂಡು ಹೋದರು. ಆಂಟಿ ಊಟದ ಮೇಜನ್ನು ಬಾಗಿಲಿಗೆ ಒತ್ತಿ, ಮೇಜಿಗೆ ತಮ್ಮ ಬಲಭುಜ ಕೊಟ್ಟು ನಿಂತಿದ್ದರು. ಚೌಕಟ್ಟು ಸೀಳಿತ್ತು. ಭುಜವೂ ಕೀಲು ತಪ್ಪಿತ್ತು. ಆಪರೇಷನ್ ಆದ ಮೇಲೂ ಆ ಕೈ ಕತ್ತಿನಿಂದ ಮೇಲಕ್ಕೆ ಏಳಲಿಲ್ಲ. ಹೋದ ವರ್ಷ ಕಾಯಿಲೆಯಲ್ಲಿ ತೀರಿಕೊಳ್ಳುವವರೆಗೂ ಏಳಲಿಲ್ಲ.

ಅವನಿಗೆ ಶಿಕ್ಷೆಯಾಯಿತು. ಆದರೂ ನನ್ನ ಗಂಡ, ಬಂದೂಕಿಗೆ ತಾವು ಒಪ್ಪಿರಲಿಲ್ಲವೆಂಬ ಸಂಕೋಚದಿಂದ, ಬಹಳ ದಿನ ಮೇಲಿನ ಮನೆಗೆ ಹೋಗಲು ಹಿಂಜರಿದರು. ಎಷ್ಟೊಂದು ಜನ ಈ ಲೈಸೆನ್ಸ್ ಯಾಕೆ ಮಾಡಿಸಿಕೊಳ್ಳುವುದಿಲ್ಲ ಎಂದು ಅವರ ಆಫೀಸಿನಲ್ಲಿ ಆಗಾಗ ವಾದ ನಡೆಯುತ್ತದಂತೆ. ಕಾನೂನು, ಖರ್ಚು, ಸೋಮಾರಿತನ ಎಂದು ಏನೇನೋ ಕಾರಣ ಕೊಡುತ್ತಾರಂತೆ. ಇವರು ಆ ವಾದದಲ್ಲಿ ಬಾಯಿ ತೆರೆಯುವುದಿಲ್ಲ.

ಭುಜ ಹೋದ ಮೇಲೆ ಆಂಟಿಗೆ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ನಾನು ಮೇಲೆ ಹೋಗಿ ಜಡೆ ಹಾಕುತ್ತಿದ್ದೆ. ಒಂದು ಬೆಳಿಗ್ಗೆ, ಅವರ ಮುಖ ನನಗೆ ಕಾಣದಿದ್ದುದರಿಂದ, ಕೇಳುವ ಧೈರ್ಯ ಬಂತು.

"ಆವತ್ತು ಬಂದೂಕು ಇದ್ದಿದ್ರೆ ಅಂತ ಅನ್ನಿಸ್ತಾ ಆಂಟಿ?"

"ಅನ್ನಿಸ್ತು. ಸುಳ್ಳು ಯಾಕೆ ಹೇಳ್ಲಿ. ಬಾಗಿಲು ಬಿರುಕು ಬಿಟ್ಟು ಅವನ ಕಣ್ಣು ಕಂಡಾಗ, ಇದ್ದಿದ್ರೆ ಖಂಡಿತ ಹಾರಿಸಿರ್ತಿದ್ದೆ. ಮೇಲೋ, ಕೆಳಗೋ, ಎಲ್ಲಿಗೋ." ಮಡಿಲಲ್ಲಿದ್ದ ಬಾಚಣಿಗೆಯನ್ನು ಎಡಗೈಯಿಂದ ತಿರುಗಿಸಿದರು. "ನಿನ್ನ ಮಗಳು ಹಾಡ್ತಾ ಇದ್ಲಲ್ಲ, ನಂಗೆ ಕೇಳಿಸ್ತಿತ್ತು. ನನ್ನ ಕಾಲ ಕೆಳಗೇ ಇದ್ಲು."

ನನ್ನ ಕೈಯಲ್ಲಿ ಜಡೆಯ ಮೂರು ಎಳೆಗಳು ಹಾಗೇ ನಿಂತವು.

"ಬೇಗ ಹೆಣಿಯೇ" ಎಂದರು ಆಂಟಿ, "ಡ್ಯೂಟಿಗೆ ಲೇಟಾಗತ್ತೆ."