ಕಡಲಾಚೆಯ ಗಿಟಾರು, ಯಲಬುರ್ಗಾದ ಮಗ್ಗಿ

ನನಗೆ ತಾಳಜ್ಞಾನವಿಲ್ಲ. ಭಜನೆಯಲ್ಲಿ ಚಪ್ಪಾಳೆ ತಟ್ಟಿದರೆ ಪಕ್ಕದವರು ಮೆಲ್ಲಗೆ ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದರು. ಅಂಥವಳು ರಾಕ್ ಅಂಡ್ ರೋಲ್‌ಗೆ ಮರುಳಾದೆ ಎಂದರೆ ನಿಮಗೆ ನಗು ಬರಬಹುದು. ನಗಿರಿ.

ಎಪ್ಪತ್ತರ ದಶಕದ ಕೊನೆ. ಯಲಬುರ್ಗಾ ಕಡೆಯ ಒಂದು ಶಾಲೆಯಲ್ಲಿ ನಾನು ಶಿಕ್ಷಕಿ, ವಯಸ್ಸು ನಲವತ್ತೆರಡು. ಒಂದು ಬೆಳಿಗ್ಗೆ ರೇಡಿಯೋದ ಮುಳ್ಳು ತಿರುಗಿಸುತ್ತಾ ಯಾವುದೋ ವಿದೇಶಿ ಕೇಂದ್ರಕ್ಕೆ ಸಿಕ್ಕಿಬಿದ್ದೆ. ಅಲ್ಲಿ ಒಬ್ಬ ಅಮೆರಿಕದ ಹಾಡುಗಾರ. ರಾಕ್ ಅಂಡ್ ರೋಲ್ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಹಾಡಿದವನಂತೆ. ಕೆಲವು ವರ್ಷ ಅವನ ಹಾಡು ಎಲ್ಲರ ಬಾಯಲ್ಲಿತ್ತು. ಆಮೇಲೆ ಹೊಸಬರು ಬಂದರು, ಅವನ ದೇಶದ ರೇಡಿಯೋಗಳು ಅವನನ್ನು ಮರೆತವು. ಲಾರಿ ಓಡಿಸಿ ಹೊಟ್ಟೆ ಹೊರೆದ. ಕೊನೆಗೆ ಇಂಗ್ಲೆಂಡಿನಿಂದ ಕರೆ ಬಂತು. ಅಲ್ಲಿನ ರೇಡಿಯೋ ಸ್ಟುಡಿಯೋದಲ್ಲಿ, ಹಿಂದೆಂದೂ ಕಂಡಿರದ ವಾದ್ಯದವರನ್ನು ಕಟ್ಟಿಕೊಂಡು, ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಹಾಡು ಹಾಡಿದ. ನಾನು ಕೇಳಿದ್ದು ಅದೇ ಧ್ವನಿಮುದ್ರಣ.

"ನಿಮ್ಮ ಕಾಲ ಮುಗಿಯಿತಲ್ಲವೇ?" ಎಂದು ನಿರೂಪಕ ಕೇಳಿದ. ಹಾಡುಗಾರ ತನ್ನ ಅಮೆರಿಕದ ಉಚ್ಚಾರದಲ್ಲಿ ಗಡಗಡನೆ ಕೊಟ್ಟ ಉತ್ತರ ನನ್ನ ಇಂಗ್ಲಿಷಿಗೆ ನಿಲುಕಲಿಲ್ಲ. ಆದರೆ ಮರುಕ್ಷಣವೇ ಗಿಟಾರನ್ನು ಬಾರಿಸಿದ ರಭಸ ಮಾತ್ರ ಚೆನ್ನಾಗಿ ಅರ್ಥವಾಯಿತು.

ನನ್ನ ತರಗತಿಯ ಹುಡುಗಿಯರಿಗೆ ಮಗ್ಗಿಯೆಂದರೆ ಜ್ವರ ಬರುತ್ತಿತ್ತು. ರೇಡಿಯೋದಲ್ಲಿ ಕೇಳಿದ ಆ ಹಾಡಿನ ಧಾಟಿಗೆ ಮಗ್ಗಿ ಕೂಡಿಸಿದೆ. ಕಾಲು ಕುಟ್ಟಿ, ಭುಜ, ಸೊಂಟ ಕುಣಿಸಿ ವಾರದಲ್ಲೇ ಬಾಯಿಪಾಠ ಮಾಡಿಬಿಟ್ಟರು. ಶಾಲೆಯ ವಾರ್ಷಿಕೋತ್ಸವದಲ್ಲಿ, ಅಂದರೆ ನಮ್ಮ ಕಡೆಯ ಗ್ಯಾದರಿಂಗ್‌ನಲ್ಲಿ, ಅದನ್ನೇ ಮಾಡಿಸೋಣವೆಂದರೆ ಹೆಡ್‌ಮಾಸ್ತರರು ತಡೆದರು.

"ಅಕ್ಕಾರ, ಮಗ್ಗಿ ಅಂದ್ರ ಮಗ್ಗಿ. ಅದಕ್ಕ ಸೊಂಟ ಯಾಕ ಬೇಕ್ರಿ?"

"ನೆನಪಿರ್ಲಿ ಅಂತ್ರಿ ಸರ್."

"ಊರಾಗ ಹಿರ್ಯಾರು ಮಾತಾಡಾಕತ್ಯಾರ. ಹೆಣ್ಣುಹುಡುಗ್ರನ್ನ ಹಿಂಗ ಕುಣಿಸೂದು ಛಲೋ ಕಾಣಂಗಿಲ್ಲ."

ಕಾರ್ಯಕ್ರಮದ ಪಟ್ಟಿಯಿಂದ ನಮ್ಮನ್ನು ಹೊಡೆದುಹಾಕಿದರು. ನಿಂಗವ್ವ ಎಂಬ ಹುಡುಗಿ ಅಳುತ್ತಾ ಬಂದು, "ಅಕ್ಕಾರ, ನಾವೇನ್ ತಪ್ಪು ಮಾಡೀವ್ರಿ?" ಎಂದಳು. ಸೆರಗಿನಿಂದ ಅವಳ ಕಣ್ಣೊರೆಸಿದೆ. ನನಗೆ ಸಿಟ್ಟು ಬಂದಿತ್ತು.

ಗ್ಯಾದರಿಂಗ್ ದಿನ ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಗಣ್ಯರ ಹೆಸರುಗಳ ಚೀಟಿ ಮಡಿಚಿ, ಸೆರಗು ಸಿಕ್ಕಿಸಿ, ಮೈಕಿನ ಮುಂದೆ "ಎರಡೊಂದ್ಲೆ ಎರಡು" ಎಂದು ಕಾಲು ಕುಟ್ಟಿದೆ. ತಾಳ ತಪ್ಪಿತು. ಕೆಳಗೆ ಕೂತಿದ್ದ ನಿಂಗವ್ವ ಎದ್ದು ಸರಿಮಾಡಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲ ಹುಡುಗಿಯರೂ ಎದ್ದರು. ಹನ್ನೆರಡರ ಮಗ್ಗಿಯವರೆಗೆ ನಾವು ನಿಲ್ಲಿಸಲಿಲ್ಲ. ಮೊದಲ ಚಪ್ಪಾಳೆ ಬಂದದ್ದು ತಾಯಂದಿರ ಕಡೆಯಿಂದ.

ತಿಂಗಳೊಳಗೆ ಗಂಗಾವತಿಯಾಚೆಯ ಮರಳಿ ಎಂಬ ಊರಿಗೆ ನನ್ನ ವರ್ಗವಾಯಿತು.

"ತಪ್ಪಾತು ಅಂತ ಒಂದು ಕಾಗದ ಬರದ ಕೊಡು, ರದ್ದು ಮಾಡ್ತಾರ," ಎಂದರು ನಮ್ಮ ಮನೆಯವರು.

"ಬರಿಯಂಗಿಲ್ರಿ."

ಅವರು ನನ್ನ ಮುಖ ನೋಡಿದರು, ನಕ್ಕರು, ಟ್ರಂಕಿಗೆ ಹಗ್ಗ ಬಿಗಿಯತೊಡಗಿದರು.

ಮರಳಿಯ ಶಾಲೆಯ ಕಿಟಕಿಯಾಚೆ ಕಣ್ಣು ಹಾಯುವವರೆಗೂ ಭತ್ತದ ಗದ್ದೆ. ಒಳಗೆ ಕಾಲ್ಬೆರಳು ಆಡಿಸುತ್ತಾ ನನ್ನನ್ನೇ ನೋಡುತ್ತಿದ್ದ ಮೂವತ್ತು ಹುಡುಗಿಯರು. ಶಿಕ್ಷೆಯೆಂದು ನಮ್ಮನ್ನು ದೂರ ಕಳಿಸುವವರು ಒಂದನ್ನು ಮರೆತಿರುತ್ತಾರೆ: ಅಲ್ಲಿಯೂ ಮಕ್ಕಳಿರುತ್ತಾರೆ.