ಶುಕ್ರವಾರದ ವಿಮರ್ಶಕಿ

ನಾನು ತುಮಕೂರಿನ ಚಿತ್ರಮಂದಿರವೊಂದರಲ್ಲಿ ಟಿಕೆಟ್ ಕೊಡುತ್ತಿದ್ದಾಗ, ಶುಕ್ರವಾರ ಬಂತೆಂದರೆ ಕುಣಿಗಲ್‌ನಿಂದ ಬಸ್ಸು ಹಿಡಿದು ನಿವೃತ್ತ ಶಿಕ್ಷಕಿಯೊಬ್ಬರು ಮಾರ್ನಿಂಗ್ ಶೋಗೆ ಬರುತ್ತಿದ್ದರು. ಊರಿನ ಪತ್ರಿಕೆಗೆ ಹೊಸ ಸಿನಿಮಾಗಳ ವಿಮರ್ಶೆ ಬರೆಯುತ್ತಿದ್ದವರು ಅವರೇ. ಶೋ ಮುಗಿದ ಮೇಲೆ ಗೇಟಿನ ಬಳಿ ನಿಂತು, ಹೊರಬರುವವರನ್ನೆಲ್ಲ "ನಿಮಗೇನನ್ನಿಸ್ತು?" ಎಂದು ಕೇಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಾನೊಬ್ಬಳೇ ನೋಡಿದ್ರೆ ಅದು ನೋಡ್ದಂಗಲ್ಲ ಕಣಪ್ಪ" ಎನ್ನುವರು.

ಒಟಿಟಿ ಬಂದ ಮೇಲೆ ಜನ ಕಡಿಮೆಯಾದರು. ಒಂದು ಶುಕ್ರವಾರ ಬಂದದ್ದು ಅವರೊಬ್ಬರೇ. "ಒಬ್ಬರಿಗೆಲ್ಲ ಶೋ ಹಾಕಕ್ಕಾಗಲ್ಲ" ಎಂದರು ಮ್ಯಾನೇಜರ್.

"ಇನ್ನೊಂದು ತಿಂಗಳಿಗೆ ಮೊಬೈಲಲ್ಲೇ ಬರುತ್ತೆ ಬುಡಿ ಮೇಡಂ, ಮನೇಲೇ ನೋಡ್ಕೊಳಿ" ಎಂದೆ.

"ಮನೇಲಿ ನಕ್ರೆ ನನ್ನ ನಗು ನನಗೇ ಕೇಳುತ್ತೆ ಕಣಪ್ಪ."

ಮ್ಯಾನೇಜರನ್ನು ಹೇಗೋ ಒಪ್ಪಿಸಿ, ಕೌಂಟರ್ ಮುಚ್ಚಿ, ಅವರಿಂದ ಒಂದು ಸೀಟು ಬಿಟ್ಟು ಕುಳಿತೆ. ಸಿನಿಮಾ ಸಪ್ಪೆಯಾಗಿತ್ತು. ಆದರೂ ಒಂದು ಕಡೆ ಅವರು ಮೆಲ್ಲಗೆ ನಕ್ಕರು. ಆ ಖಾಲಿ ಹಾಲಿನಲ್ಲಿ ಅವರ ನಗು ಒಂಟಿಯಾಗದಿರಲಿ ಎಂದು ನಾನೂ ಜೋರಾಗಿ ನಕ್ಕೆ. ಅವರು ನನ್ನ ಕಡೆ ನೋಡಲಿಲ್ಲ.

ಭಾನುವಾರ ವಿಮರ್ಶೆ ಬಂತು. ಕತೆಯಲ್ಲಿ ಹುರುಳಿಲ್ಲವೆಂದು ನೇರವಾಗಿಯೇ ಬರೆದಿದ್ದರು. ಕೊನೆಯಲ್ಲಿ ಮಾತ್ರ ಒಂದು ಸಾಲು ಸೇರಿಸಿದ್ದರು: "ಒಂದು ಕಡೆ ಪ್ರೇಕ್ಷಕರು ನಕ್ಕರು."