ಬಟ್ಟೆಯ ಹಿಂದೆ ಕೂತವರ ದೆವ್ವ

ಮುಳಬಾಗಿಲಿನ ವೆಂಕಟರತ್ನಮ್ಮನಿಗೆ ದೆವ್ವದ ಚಿತ್ರವೆಂದರೆ ಪ್ರಾಣ. ಸಿನಿಮಾ ಟೆಂಟಿಗೆ ಹೊಸ ದೆವ್ವ ಬಂತೆಂದು ತಮಟೆ ಹೊಡೆದು ಸಾರಿದರೆ ಸಾಕು, ಒಲೆಯ ಮೇಲಿನ ಸಾರು ಕುದಿಯುವುದಕ್ಕೂ ಕಾಯದೆ ಇಳಿಸಿಬಿಡುತ್ತಿದ್ದಳು. ದೆವ್ವವನ್ನು ನಂಬಿ ಹೋಗುತ್ತಿದ್ದಳೆಂದು ತಿಳಿಯಬೇಡಿ. ಅದರ ಕಳ್ಳತನ ಹಿಡಿಯಲು ಹೋಗುತ್ತಿದ್ದಳು. ಸಂತೆಯಲ್ಲಿ ತೂಕದ ಕಲ್ಲನ್ನು ತಿರುಗಿಸಿ ತಳ ನೋಡುವ ಹೆಂಗಸರಿರುತ್ತಾರಲ್ಲ, ಅವಳ ಕಣ್ಣು ಆ ಜಾತಿಯದು.

ಗಂಡ ಕೋದಂಡರಾಮಪ್ಪ ದರ್ಜಿ. ಟೆಂಟಿನ ಹರಕು ಹೊಲಿಯುವುದು, ಚಿತ್ರ ಬೀಳುವ ಪರದೆಗೆ ಅಂಚು ಮಡಿಸುವುದು ಅವನ ಕೆಲಸ. ಹಾಗಾಗಿ ಆ ಮನೆಯವರಿಗೆ ಟಿಕೀಟು ಕೇಳುತ್ತಿರಲಿಲ್ಲ. ಒಂದೊಂದು ಚಿತ್ರವನ್ನೂ ಮೂರು ಮೂರು ಸಲ ನೋಡಿ ಬಂದು, ವೆಂಕಟರತ್ನಮ್ಮ ಪಕ್ಕದ ಮನೆಯ ಖುರ್ಷೀದ್ ಬೇಗಂಗೆ ಹಿತ್ತಲ ಗೋಡೆಯ ಮೇಲಿಂದ ವರದಿ ಒಪ್ಪಿಸುತ್ತಿದ್ದಳು.

"ಸತ್ತು ನೂರು ವರ್ಷ ಆಯ್ತಂತೆ ಕಣೇ ಅವಳಿಗೆ. ರವಿಕೆ ತೋಳಿಗೆ ಮಿಷಿನ್ ಹೊಲಿಗೆ. ನೂರು ವರ್ಷದ ಹಿಂದೆ ಯಾವ ದರ್ಜಿ ಹತ್ರ ಇತ್ತು ಮಿಷಿನ್ನು?"

ಇನ್ನೊಂದರಲ್ಲಿ ಎಲುಬುಗೂಡು ಕುಣಿದಿತ್ತು. ಊರೆಲ್ಲ ಚೀರಿದರೆ ಇವಳು, "ದಾರ ಕಾಣ್ತಾ ಇತ್ತು. ಅದೂ ಗಟ್ಟಿ ದಾರ, ಗುಂಡಿ ಹೊಲಿಯೋದು," ಎಂದು ಬಂದಳು. ಮತ್ತೊಂದರ ದೆವ್ವ ಗೋಡೆ ತೂರಿ ಒಳಗೆ ಬಂದು, ಹೋಗುವಾಗ ಬಾಗಿಲು ತೆಗೆದುಕೊಂಡು ಹೋಯಿತಂತೆ. "ಗೋಡೆ ತೂರೋಳಿಗೆ ಬಾಗಿಲು ಯಾಕೆ ಬೇಕಿತ್ತು?" ಎಂದು ಕೇಳಿದ್ದಕ್ಕೆ ಖುರ್ಷೀದ್, "ಮರ್ಯಾದಸ್ತರ ಮನೆ ದೆವ್ವ ಇರ್ಬೇಕು ಅಕ್ಕಾ," ಎಂದಿದ್ದಳು.

ಈ ನಗು ಯುದ್ಧದ ಕಾಲದಲ್ಲಿ ಒಂದು ದಿನ ನಿಂತಿತು. ನಲವತ್ತನಾಲ್ಕರ ಶಿವರಾತ್ರಿ ಕಳೆದ ವಾರ, ಶ್ರೀನಿವಾಸಪುರದಿಂದ ಹುಣಿಸೆಹಣ್ಣು ಹೇರಿಕೊಂಡು ಬರುವ ದೊಡ್ಡಮುನಿಯಪ್ಪನ ಗಾಡಿ ಬಾಗಿಲಿಗೆ ಬಂದು ನಿಂತಿತು. ಮೂಟೆಗಳ ನಡುವೆ ಟ್ರಂಕು ಅಪ್ಪಿಕೊಂಡು ಮಗಳು ಶಾಮಲಮ್ಮ ಕೂತಿದ್ದಳು.

"ಅತ್ತೆಯವರು ಹೇಳಿ ಕಳ್ಸವ್ರೆ ಅಮ್ಮಾ," ಎಂದ ದೊಡ್ಡಮುನಿಯಪ್ಪ ನೆಲ ನೋಡುತ್ತಾ. "ಹುಡುಗಿಗೆ ಗಾಳಿ ಸೋಕೈತಂತೆ. ಬಿಡಿಸಿ ಕಳಿಸ್ಬೇಕಂತೆ. ಇಲ್ಲಾಂದ್ರೆ ನೀವೇ ಇಟ್ಕೋಬೇಕಂತೆ."

ಶಾಮಲಮ್ಮ ಎಡಚಿ. ಹುಟ್ಟಿದಾಗಿನಿಂದ ಹಾಗೆ. ಊಟವನ್ನು ಮಾತ್ರ ಹೊಡೆದು ಬಡಿದು ಬಲಗೈಗೆ ತಂದಿದ್ದರು. ಸೂಜಿ ಹಿಡಿಯುವುದು, ರಂಗೋಲಿ ಎಳೆಯುವುದು, ದೀಪ ಹಚ್ಚುವುದು ಎಲ್ಲ ಎಡಗೈಯಲ್ಲೇ. ಹೆಣ್ಣು ನೋಡಲು ಬಂದ ದಿನವೇ ಇದನ್ನು ಹೇಳಿಯಾಗಿತ್ತು. ಬೀಗಿತ್ತಿ ಆದಿಲಕ್ಷ್ಮಮ್ಮ, "ಹೊಲಿಗೆ ನೇರ ಬಂದ್ರೆ ಆಯ್ತು ಬಿಡಿ," ಎಂದು ನಕ್ಕಿದ್ದಳು. ಎರಡು ವರ್ಷ ಒಂದು ಮಾತು ಬಂದಿರಲಿಲ್ಲ. ಈಗೇನಾಯಿತು?

ಮಗಳು ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಅಕ್ಕಿ ಆರಿಸುತ್ತಾ ಹೇಳಿದಳು. ಶ್ರೀನಿವಾಸಪುರಕ್ಕೆ ಒಂದು ತಮಿಳು ಚಿತ್ರ ಬಂದಿತ್ತು. ಒಳ್ಳೆ ಮನೆತನಕ್ಕೆ ಒಬ್ಬಳು ಸೊಸೆ ಬರುತ್ತಾಳೆ. ಅಂದ ಚೆಂದ ಎಲ್ಲ ಸರಿ. ಆದರೆ ಸಂಜೆ ದೀಪವನ್ನು ಎಡಗೈಯಲ್ಲಿ ಹಚ್ಚುತ್ತಾಳೆ. ಮನೆಯಲ್ಲಿ ಒಬ್ಬೊಬ್ಬರೇ ಸಾಯುತ್ತಾರೆ. ಕೊನೆಗೆ ನೋಡಿದರೆ ಅವಳು ಹೆಣ್ಣಲ್ಲ, ದೆವ್ವ. ಅತ್ತೆ ಆ ಚಿತ್ರ ನೋಡಿ ಬಂದ ಮರುದಿನ ಸಂಜೆ ಶಾಮಲಮ್ಮ ದೀಪ ಹಚ್ಚುವಾಗ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಅದೇ ವಾರ ಕೊಟ್ಟಿಗೆಯಲ್ಲಿ ಒಂದು ಕರು ಸತ್ತಿತು. ಅಲ್ಲಿಗೆ ಮುಗಿಯಿತು.

"ನಿನ್ನ ಗಂಡ ಏನಂದ?"

"ಅಮ್ಮ ಹೇಳಿದ್ಮೇಲೆ ಅವರೇನಂತಾರೆ?"

ಬೀಗಿತ್ತಿಗೆ ಬೇರೆ ಸೊಸೆ ತರುವ ಆಸೆಯಿದೆ, ಚಿತ್ರವೊಂದು ನೆಪ ಎಂದು ವೆಂಕಟರತ್ನಮ್ಮನಿಗೆ ಆಗಲೇ ಗುಮಾನಿ ಬಂತು. ಅಷ್ಟು ಅಸಡ್ಡಾಳವಾದ ದೆವ್ವ ಯಾವ ಚಿತ್ರದಲ್ಲಿದೆ, ತಾನೇ ನೋಡಬೇಕು ಎಂದುಕೊಂಡಳು.

ಯುಗಾದಿ ಆದಮೇಲೆ ಆ ಚಿತ್ರ ಮುಳಬಾಗಿಲಿಗೇ ಬಂತು. ಆ ವರ್ಷ ಟೆಂಟಿನಲ್ಲಿ ಒಂದು ಹೊಸ ಏರ್ಪಾಟು. ಯುದ್ಧದಿಂದಾಗಿ ದಪ್ಪ ಬಟ್ಟೆ ಸಿಗದೆ ಕೋದಂಡರಾಮಪ್ಪ ಎರಡು ಪನ್ನ ತೆಳು ಮಲ್ ಬಟ್ಟೆಯನ್ನೇ ಅಗಲಕ್ಕೆ ಜೋಡಿಸಿ ಪರದೆ ಹೊಲಿದುಕೊಟ್ಟಿದ್ದ. ಅದಕ್ಕೆ ನೀರು ಚಿಮುಕಿಸಿದರೆ ಚಿತ್ರ ಆಚೆ ಬದಿಗೂ ಅಚ್ಚಾಗಿ ಕಾಣುತ್ತಿತ್ತು. ಅದನ್ನು ಕಂಡ ಟೆಂಟಿನ ಸಾಹುಕಾರ, ಗಂಡಸರನ್ನು ಮುಂದೆ ಕೂರಿಸಿ ಹೆಂಗಸರನ್ನೆಲ್ಲ ಪರದೆಯ ಹಿಂದಕ್ಕೆ ಹಾಕಿಬಿಟ್ಟ. ಗೋಷಾದಲ್ಲಿರುವ ಸಾಬರ ಮನೆಯ ಹೆಂಗಸರು ಮೊದಲ ಸಲ ಟೆಂಟಿಗೆ ಬಂದದ್ದೇ ಆಗ. ಖುರ್ಷೀದ್ ಬೇಗಂ ಬುರ್ಖಾ ತೆಗೆದು ಮಡಿಲಲ್ಲಿಟ್ಟುಕೊಂಡು ಕಡಲೆಕಾಯಿ ಬಿಡಿಸುತ್ತಾ ಹಾಯಾಗಿ ಕೂರುತ್ತಿದ್ದಳು. ಈ ಏರ್ಪಾಟಿನಲ್ಲಿ ಮೊದಲು ಎರಡು ದೇವರ ಚಿತ್ರಗಳು ಬಂದು ಹೋಗಿದ್ದವು. ದೇವರಿಗೆ ನಾಲ್ಕು ಕೈ, ಯಾವುದು ಎಡ ಯಾವುದು ಬಲ ಎಂದು ಯಾರು ನೋಡುತ್ತಾರೆ?

ಮೂರನೆಯದು ಈ ಸೊಸೆಯ ಚಿತ್ರ. ದೀಪ ಹಚ್ಚುವ ಹೊತ್ತಿಗೆ ವೆಂಕಟರತ್ನಮ್ಮ ಪರದೆಯ ಹತ್ತಿರಕ್ಕೆ ಸರಿದು ಕೂತಳು. ಸೊಸೆ ಬಂದಳು, ಬತ್ತಿ ಸರಿಮಾಡಿದಳು, ಹಚ್ಚಿದಳು. ಬಲಗೈಯಲ್ಲಿ. ಆಮೇಲೆ ಮನೆಯವರು ಊಟಕ್ಕೆ ಕೂತರು. ಅತ್ತೆ, ಮಾವ, ಮೈದುನ, ಮನೆಗೆ ಬಂದ ಪುರೋಹಿತ, ಎಲ್ಲರೂ ಎಡಗೈಯಲ್ಲಿ ಉಣ್ಣುತ್ತಿದ್ದರು. ಹೆಂಗಸರ ಸೆರಗು ಬಲ ಹೆಗಲ ಮೇಲಿತ್ತು. ಅದು ಮದ್ರಾಸಿನ ಷೋಕಿ ಇರಬೇಕೆಂದು ಬಿಟ್ಟಳು. ಕೈಯ ವಿಷಯ ಮಾತ್ರ ಬಿಡಲಿಲ್ಲ.

"ನೋಡ್ದೇನೇ ಖುರ್ಷೀದ್? ಆ ಮನೇಲಿ ಮನುಷ್ಯಳು ಅಂದ್ರೆ ಆ ಸೊಸೆ ಒಬ್ಬಳೇ. ಮಿಕ್ಕಿದ್ದೆಲ್ಲ ದೆವ್ವ."

"ಅವಳೇ ದೆವ್ವ ಅಂತ ಮಾತಲ್ಲಿ ಹೇಳ್ತಾ ಇದಾರಲ್ಲ ಅಕ್ಕಾ?"

"ಹೇಳೋರು ಯಾರು? ಆ ದೆವ್ವಗಳೇ ತಾನೆ? ಅವು ಇನ್ನೇನು ಹೇಳ್ತವೆ?"

ಮರುದಿನದೊಳಗೆ ಊರಿನ ಹೆಂಗಸರಿಗೆಲ್ಲ ಇದೇ ಅಭಿಪ್ರಾಯ. ಹತ್ತು ಮನೆಗಳಲ್ಲಿ ಗಂಡ ಹೆಂಡಿರಿಗೆ ಇದೇ ಜಗಳ. ಕೋದಂಡರಾಮಪ್ಪ ಮುಂದುಗಡೆ ಕೂತು ನೋಡಿ ಬಂದಿದ್ದವನು, "ಎಡಗೈ ಕಣೇ, ನನ್ನ ಕಣ್ಣಾರೆ ನೋಡ್ದೆ," ಎಂದ.

"ಸೂಜಿಗೆ ದಾರ ಪೋಣಿಸೋಕೆ ನನ್ನನ್ನ ಕರೀತೀರಿ. ನಿಮ್ಮ ಕಣ್ಣಿನ ಮಾತು ಬೇಡ," ಎಂದಳು. ಬೀಗಿತ್ತಿಯೇನಾದರೂ ಗಂಡನ ಕಿವಿಯಲ್ಲೂ ಊದಿರಬಹುದೇ ಎಂಬ ಅನುಮಾನವೂ ಒಂದು ಗಳಿಗೆ ಬಂದು ಹೋಯಿತು.

ಹುಣಿಸೆಹಣ್ಣಿನ ಗಾಡಿ ಹಿಂದಿರುಗುವಾಗ ದೊಡ್ಡಮುನಿಯಪ್ಪನನ್ನು ನಿಲ್ಲಿಸಿ ಹೇಳಿದಳು. "ವದಿನಾಗೆ ಹೇಳು, ಬಂದು ನನ್ನ ಪಕ್ಕ ಕೂತು ನೋಡ್ಲಿ. ಚಿತ್ರದ ಸೊಸೆ ಹಚ್ಚೋದು ಎಡಗೈ ಅಂತ ತೋರಿಸಿಕೊಟ್ರೆ ನನ್ನ ಮಗಳನ್ನ ನಾನೇ ಇಟ್ಕೋತೀನಿ. ಇನ್ನೊಂದು ಮಾತಾಡಲ್ಲ." ಬೀಗಿತ್ತಿಯರು ಒಬ್ಬರನ್ನೊಬ್ಬರು ತೆಲುಗಿನ ರೂಢಿಯಂತೆ ವದಿನಾ ಎಂದೇ ಕರೆಯುತ್ತಿದ್ದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಶಾಮಲಮ್ಮನ ಕೈ ಆ ಮಾತು ಕೇಳಿ ನಿಂತಿತು.

ಆದಿಲಕ್ಷ್ಮಮ್ಮ ಶನಿವಾರದ ಬಸ್ಸಿಗೆ ಬರುತ್ತೇನೆಂದು ಹೇಳಿ ಕಳಿಸಿದಳು. ಗುರುವಾರ ಮಧ್ಯಾಹ್ನ ವೆಂಕಟರತ್ನಮ್ಮ ಯಾರದೋ ಚೀಟಿ ಬಟ್ಟೆಗೆ ಅಂಚು ಹೊಲಿಯುತ್ತಾ ಕಿಟಕಿಯ ಬಳಿ ಕೂತಿದ್ದಳು. ಬಟ್ಟೆಯ ಮೇಲೆ ಗಿಣಿಗಳ ಅಚ್ಚು, ಎಲ್ಲವೂ ಬಲಕ್ಕೆ ಮುಖ ಮಾಡಿದ್ದವು. ಹೊಲಿಗೆ ಹಿಂದೆ ಹೇಗೆ ಬಿದ್ದಿದೆಯೆಂದು ಬಟ್ಟೆ ತಿರುಗಿಸಿ ಬೆಳಕಿಗೆ ಹಿಡಿದಳು. ಗಿಣಿಗಳು ಎಡಕ್ಕೆ ನೋಡುತ್ತಿದ್ದವು.

ಅವಳು ಬಟ್ಟೆಯನ್ನು ಮತ್ತೆ ತಿರುಗಿಸಿದಳು. ಬಲಕ್ಕೆ. ಇನ್ನೊಮ್ಮೆ. ಎಡಕ್ಕೆ.

ಆ ಹೊತ್ತಿಗೆ ಅವಳಿಗೆ ಬಲ ಹೆಗಲ ಸೆರಗು ನೆನಪಾಯಿತು. ದರ್ಜಿಯ ಹೆಂಡತಿಯಾಗಿ, ಬಟ್ಟೆಯ ಮೇಲುಬದಿ ಒಳಬದಿ ಗೊತ್ತಾಗದೆ ಹೋಯಿತಲ್ಲ. ಎಲ್ಲ ದೆವ್ವಗಳ ಹೊಲಿಗೆ ಹಿಡಿದವಳು, ತನ್ನ ಮನೆಯಲ್ಲೇ ಹೊಲಿದ ಬಟ್ಟೆಯ ಹಿಂದೆ ಕೂತು ಮೋಸ ಹೋಗಿದ್ದಳು. ಗಂಡ ಹೇಳಿದ್ದು ನಿಜ. ಬೀಗಿತ್ತಿ ಹೇಳಿದ್ದೂ ನಿಜ. ಮಗಳನ್ನು ಪಣಕ್ಕಿಟ್ಟು ಮಾತು ಕಳಿಸಿಯಾಗಿತ್ತು.

ಒಂದು ದಾರಿ ಇತ್ತು. ಹೇಗೂ ಹೆಂಗಸರೆಲ್ಲ ಕೂರುವುದು ಹಿಂದುಗಡೆಯೇ. ಬೀಗಿತ್ತಿಯನ್ನು ಅಲ್ಲೇ ಕೂರಿಸಿ ಬಾಯಿ ಮುಚ್ಚಿಕೊಂಡಿದ್ದರೆ ಪಣ ಗೆದ್ದಂತೆಯೇ. ಎರಡು ದಿನ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಆದರೆ ಆದಿಲಕ್ಷ್ಮಮ್ಮನೇನು ದಡ್ಡಿಯಲ್ಲ. ಬರುವ ವರ್ಷ ಇನ್ನೊಂದು ಟೆಂಟಿನಲ್ಲಿ ಮುಂದೆ ಕೂತು ನೋಡಿದಳೆಂದರೆ ಮಗಳು ಮತ್ತೆ ಮೂಟೆಗಳ ನಡುವೆ ಕೂತು ಬರುತ್ತಾಳೆ. ಆಗ ಅವಳನ್ನು ವಾಪಸ್ಸು ಕಳಿಸಿ ಎಂದು ಯಾರೂ ಕೇಳುವುದಿಲ್ಲ.

ಶನಿವಾರ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲ ಬಸ್ಸು ಹೊಗೆ ಕಾರುತ್ತಾ ಬಂತು. ಆದಿಲಕ್ಷ್ಮಮ್ಮ ಇಳಿದು, ಮನೆಯಲ್ಲಿ ಕೊಟ್ಟ ನೀರನ್ನೂ ಒಮ್ಮೆ ಮೂಸಿ ನೋಡಿ ಕುಡಿದಳು. ಸೊಸೆಯತ್ತ ತಿರುಗಲಿಲ್ಲ.

ಮೊದಲಾಟಕ್ಕೆ ಇಬ್ಬರೂ ಪರದೆಯ ಹಿಂದೆ ಪಕ್ಕಪಕ್ಕ ಕೂತರು. ಸೊಸೆ ದೀಪ ಹಚ್ಚಿದಳು. ಆದಿಲಕ್ಷ್ಮಮ್ಮ ಮುಂದಕ್ಕೆ ಬಾಗಿದಳು, ಕಣ್ಣು ಕಿರಿದು ಮಾಡಿದಳು.

"ಇದು ಆ ಚಿತ್ರ ಅಲ್ಲ ವದಿನಾ."

"ಅದೇ."

"ಹಂಗಾದ್ರೆ ನಿಮ್ಮ ಯಜಮಾನರು ಟೆಂಟಿನೋರಿಗೆ ಹೇಳಿ ಏನೋ ಮಾಡ್ಸವ್ರೆ. ಇಲ್ಲಿ ಎಲ್ಲಾರೂ ಎಡಗೈಲಿ ಉಣ್ತಾ ಅವ್ರೆ. ಮಾವ ಕೂಡ. ಅಯ್ಯ, ಪುರೋಹಿತರು ಕೂಡ."

ಆ ರೀಲು ಮುಗಿದು ದೀಪ ಹತ್ತಿತು. ಇನ್ನೊಂದು ರೀಲು ಹಾಕುವಷ್ಟರಲ್ಲಿ ವೆಂಕಟರತ್ನಮ್ಮ ಬೀಗಿತ್ತಿಯ ರಟ್ಟೆ ಹಿಡಿದು ಎಬ್ಬಿಸಿದಳು. ಟೆಂಟಿನ ಪಕ್ಕದ ಹಗ್ಗ ದಾಟಿಸಿ, ಗಂಡಸರ ಕಡೆಯ ಮೊದಲ ಕಂಬದ ಮರೆಗೆ ಕರೆತಂದಳು. "ಏನಮ್ಮಾ, ಹೆಂಗಸರ ಜಾಗ ಆ ಕಡೆ," ಎಂದು ಯಾರೋ ಕೂಗಿದರು. "ಪರದೆ ಹೊಲಿಗೆ ಬಿಟ್ಟೈತಾ ಅಂತ ನೋಡೋಕೆ ಬಂದ್ವಪ್ಪಾ," ಎಂದು ಇವಳು ಉತ್ತರ ಕೊಟ್ಟಳು.

ಆ ರೀಲಿನಲ್ಲಿ ಮತ್ತೊಂದು ಸಂಜೆ. ಅದೇ ಸೊಸೆ, ಅದೇ ದೀಪ. ಈಗ ಎಡಗೈ. ಊಟಕ್ಕೆ ಕೂತವರದು ಬಲಗೈ.

ಆದಿಲಕ್ಷ್ಮಮ್ಮ ಬಗ್ಗಿ ಪರದೆಯ ಆಚೆ ಕೂತ ಹೆಂಗಸರನ್ನು ನೋಡಿದಳು, ಈಚೆ ನೋಡಿದಳು. ಪರದೆಯ ಅಂಚನ್ನು ಬೆರಳಿನಿಂದ ಮುಟ್ಟಿಯೂ ನೋಡಿದಳು. ಒದ್ದೆ ಬಟ್ಟೆ, ಅಷ್ಟೇ.

"ನಾನು ಸೋತೆ ವದಿನಾ," ಎಂದಳು ವೆಂಕಟರತ್ನಮ್ಮ ಮೆಲ್ಲಗೆ. "ಮುಂದೆ ಕೂತೋರಿಗೆ ಎಡಗೈನೇ. ನೀವು ಹೇಳಿದ್ದು ಸರಿ. ಮಾತು ಕೊಟ್ಟಿದ್ದೀನಿ, ಮಗಳನ್ನ ಇಟ್ಕೋತೀನಿ. ಆದ್ರೆ ಒಂದು ಕೇಳ್ತೀನಿ. ಆ ಕಡೆ ಇನ್ನೂರು ಜನ ಹೆಂಗಸರು ಕೂತವ್ರೆ. ಅವರ ಲೆಕ್ಕದಲ್ಲಿ ಬಲಗೈಲಿ ದೀಪ ಹಚ್ಚೋಳು ದೆವ್ವ. ನೀವು ಮನೇಲಿ ಯಾವ ಕೈಲಿ ಹಚ್ತೀರಿ?"

ಆದಿಲಕ್ಷ್ಮಮ್ಮ ತನ್ನ ಬಲಗೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಅವಳಿಗೇ ಗೊತ್ತಿಲ್ಲದೆ ಎಳೆದುಕೊಂಡಿದ್ದು.

"ಆ ಕರು," ಎಂದಳು.

"ಕರುಗೆ ಏನಾಗಿತ್ತು?"

"ಹೊಟ್ಟೆ ಉಬ್ಬರಿಸಿತ್ತು." ಸೆರಗು ಸರಿಮಾಡಿಕೊಂಡು, "ಹಸಿ ಜೋಳದ ಸೊಪ್ಪು ತಿಂದಿತ್ತು," ಎಂದಳು.

ಭಾನುವಾರ ಬೆಳಿಗ್ಗೆ ಅತ್ತೆಯ ಜೊತೆ ಹೊರಡಲು ಬಸ್ಸಿನ ಬಳಿ ಶಾಮಲಮ್ಮ ಟ್ರಂಕು ಹಿಡಿದು ನಿಂತಿದ್ದಳು. ಅತ್ತೆ ಮೇಲೆ ಹತ್ತಿ ಕೂತು, ಸೊಸೆಯ ಕೈಯಲ್ಲಿದ್ದ ಉಪ್ಪಿನಕಾಯಿ ಜಾಡಿಗೆ ಕೈ ಚಾಚಿದಳು. ಹುಡುಗಿ ಎಡಗೈಯಲ್ಲಿ ಕೊಡಲು ಹೋಗಿ, ಹೆದರಿ ಹಿಂದಕ್ಕೆಳೆದುಕೊಂಡಳು.

"ಯಾವ ಕೈಲಾದ್ರೂ ಕೊಡೇ, ಬಸ್ಸು ಹೊರಡ್ತದೆ," ಎಂದಳು ಆದಿಲಕ್ಷ್ಮಮ್ಮ. ಆಮೇಲೆ ಕಿಟಕಿಯಿಂದ ಬಗ್ಗಿ, "ವದಿನಾ, ಆ ದೆವ್ವದ ಸೀರೆ ನೋಡಿದ್ರಾ? ಇಸ್ತ್ರಿ ಮಡಿಕೆ ಹಂಗೇ ಇತ್ತು," ಎಂದಳು. "ನಾನು ಅವತ್ತೇ ನೋಡಿದ್ದೆ," ಎಂದಳು ವೆಂಕಟರತ್ನಮ್ಮ.

ಬಾಯಿಮಾತನ್ನು ನಂಬಿ ಸುಮ್ಮನಿರುವ ಸ್ವಭಾವ ಅವಳದಲ್ಲ. ಮೂರು ವಾರ ಬಿಟ್ಟು ಗಾಡಿ ಬಂದಾಗ ದೊಡ್ಡಮುನಿಯಪ್ಪನನ್ನು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟು ಕೇಳಿದಳು.

"ಹುಡುಗಿ ಹೆಂಗವ್ಳೆ?"

"ಚೆಂದಾಗವ್ಳಮ್ಮಾ. ಮೊನ್ನೆ ಸಂಜೆ ಗಾಡಿ ಬಿಟ್ಟು ಕೂತಿದ್ದೆ, ಅವಳೇ ಬಂದು ದೀಪ ಹಚ್ಚಿ ಹೋದ್ಳು. ಅತ್ತೆ ಅಲ್ಲೇ ಕೂತು ಬೀಡಿ ವ್ಯಾಪಾರದ ಸಾಬರ ಜೊತೆ ಮಾತಾಡ್ತಾ ಇದ್ರು."

"ಯಾವ ಕೈಲಿ ಹಚ್ಚಿದ್ಳು?"

ದೊಡ್ಡಮುನಿಯಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟು ತಲೆ ಕೆರೆದುಕೊಂಡ. "ಅದನ್ನ ಯಾರು ನೋಡ್ತಾರಮ್ಮಾ?"

ವೆಂಕಟರತ್ನಮ್ಮ ಒಳಗೆ ಹೋಗಿ ಅವನಿಗೆ ಇನ್ನೊಂದು ಲೋಟ ಮಜ್ಜಿಗೆ ತಂದಳು.